ನಕ್ಷೆಗೆ ಸಿಗದ ಬೋಳುಗುಡ್ಡ

ಮನುಷ್ಯನಿಗೆ ಬಾಯಿ ಇರುವುದು ಊಟಕ್ಕೆ ಮತ್ತು ಆಕಳಿಕೆಗೆ. ಇವೆರಡನ್ನು ಬಿಟ್ಟು ಮೂರನೆಯ ಕೆಲಸಕ್ಕೆ ಅದನ್ನು ಬಳಸಿದವರೆಲ್ಲ ಪೇಚಿಗೆ ಸಿಕ್ಕಿದ್ದಾರೆ. ನೇಕಾರರ ಸಂಘದಲ್ಲಿ ಕಿಟಕಿ ಪಕ್ಕದ ಮಗ್ಗದಲ್ಲಿ ಕೂರುತ್ತಿದ್ದವನು ಇದಕ್ಕೆ ಒಳ್ಳೆಯ ಉದಾಹರಣೆ.

ಅವನನ್ನು ಎಲ್ಲರೂ ಚೌಕಳಿ ಎಂದೇ ಕರೆಯುತ್ತಿದ್ದರು. ಮಗ್ಗಕ್ಕೆ ಕೂತ ದಿನದಿಂದ ಅವನು ನೇಯ್ದದ್ದು ಚೌಕಳಿ ಹೊದಿಕೆ ಒಂದೇ. ನೀಲಿ ಚೌಕ, ಬಿಳಿ ಚೌಕ. ತೀರಾ ಬೇಸರ ಬಂದ ದಿನ ಬಿಳಿ ಚೌಕ, ನೀಲಿ ಚೌಕ. ಕಿಟಕಿಯಿಂದ ಗಾಳಿ ಬರುತ್ತಿತ್ತು, ಮಗ್ಗ ಅವನ ಕಾಲಿನ ಮಾತು ಕೇಳುತ್ತಿತ್ತು, ಲಾಳಿ ಎಡಕ್ಕೆ ಹೋದರೆ ಬಲಕ್ಕೆ ಬರುತ್ತಿತ್ತು. ಜೀವನದಲ್ಲಿ ಹೇಳಿದ ಮಾತು ಕೇಳುವ ವಸ್ತು ಅದೊಂದೇ ಆದ್ದರಿಂದ ಅವನಿಗೆ ಆ ಮಗ್ಗದ ಮೇಲೆ ಪ್ರಾಣ.

ಅಂಥ ಮಗ್ಗಕ್ಕೆ ಸಂಚಕಾರ ಬಂದದ್ದು ಸಂಘದ ಕಾರ್ಯದರ್ಶಿ ಪರವೂರಿನಲ್ಲಿ ಏನೋ ತರಬೇತಿ ಮುಗಿಸಿ ಬಂದ ಮೇಲೆ. ಅವರು ಹೋಗುವಾಗ ಸಾಮಾನ್ಯ ಮನುಷ್ಯರಾಗಿಯೇ ಹೋಗಿದ್ದರು. ಬರುವಾಗ ಕೊರಳಲ್ಲಿ ಒಂದು ಗುರುತಿನ ಪಟ್ಟಿ ನೇತಾಡುತ್ತಿತ್ತು, ಬಾಯಲ್ಲಿ 'ಸ್ಫೂರ್ತಿ' ಎಂಬ ಪದ ಕುಣಿಯುತ್ತಿತ್ತು.

"ಚೌಕಳಿ ಕಾಲ ಮುಗೀತು. ಇನ್ಮೇಲೆ ಪ್ರಕೃತಿ," ಎಂದರು ಸಭೆಯಲ್ಲಿ. "ಪ್ರಕೃತಿಯ ಫೋಟೋ ನೋಡ್ಬೇಕು, ಸ್ಫೂರ್ತಿ ತಗೋಬೇಕು, ಅದನ್ನ ಮಗ್ಗಕ್ಕೆ ಇಳಿಸ್ಬೇಕು. ಹೊಸ ಡಿಸೈನ್ ತರದೇ ಇರೋರು ಮಗ್ಗ ಬಿಟ್ಟುಕೊಟ್ಟು ಉಗ್ರಾಣದಲ್ಲಿ ನೂಲು ಸುತ್ತಬಹುದು."

ಎಲ್ಲರೂ ಒಟ್ಟಿಗೆ ಚೌಕಳಿಯ ಕಡೆ ತಿರುಗಿದರು. ಉಗ್ರಾಣಕ್ಕೆ ಕಿಟಕಿಯೇ ಇರಲಿಲ್ಲ. ಆಗಲೇ ಅವನು ಬಾಯಿಯನ್ನು ಮೂರನೆಯ ಕೆಲಸಕ್ಕೆ ಬಳಸಿದ್ದು.

"ನಾನು ಮೊದಲಿಂದಲೂ ಪ್ರಕೃತಿ ನೋಡಿಯೇ ನೇಯೋದು ಸಾರ್."

"ಏನು, ಈ ಚೌಕಳೀನಾ? ಪ್ರಕೃತೀಲಿ ಚೌಕ ಎಲ್ಲಿದೆಯಪ್ಪ?"

"ಗದ್ದೆ ಸಾರ್. ಮೇಲಿಂದ ನೋಡಿದ್ರೆ."

"ನೀಲಿ ಗದ್ದೆ?"

"ತುಂಬಾ ಮೇಲಿಂದ."

ಪಕ್ಕದ ಮಗ್ಗದವನು ಕಿಸಕ್ಕನೆ ನಕ್ಕ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ನಗು ಚೌಕಳಿಗೆ ನಾಟಿತು. "ನನ್ನ ಹತ್ರ ಪ್ರಕೃತಿ ಫೋಟೋ ರಾಶಿ ಬಿದ್ದಿದೆ. ತೋರಿಸೋಕೆ ಪುರುಸೊತ್ತಾಗಿಲ್ಲ ಅಷ್ಟೇ," ಎಂದುಬಿಟ್ಟ.

"ಸೋಮವಾರ ತಗೊಂಡು ಬಾ," ಎಂದರು ಕಾರ್ಯದರ್ಶಿ.

ಮನೆಯಲ್ಲಿದ್ದದ್ದು ಹೆಂಡತಿಯ ಫೋನು. ಅದರಲ್ಲಿ ಅವಳ ತಂಗಿಯ ಮಗುವಿನ ಫೋಟೋಗಳಿದ್ದವು, ಸೋರುವ ನಲ್ಲಿಯದೊಂದು ಫೋಟೋ ಇತ್ತು. ನಲ್ಲಿಯನ್ನು ಜಲಪಾತವೆನ್ನಬಹುದೇ ಎಂದು ಚೌಕಳಿ ಬಹಳ ಹೊತ್ತು ಯೋಚಿಸಿದ. "ಹುಚ್ಚು ಹಿಡೀತಾ ನಿಮಗೆ? ಭಾನುವಾರ ಕೆರೆ ಕಡೆ ಹೋಗಿ ತೆಗೆದ್ಕೊಂಡು ಬನ್ನಿ," ಎಂದಳು ಹೆಂಡತಿ.

ಈ ಮಾತು ಹಿಂದಿನ ಬೀದಿಯಲ್ಲಿದ್ದ ಮಾವನವರ ಕಿವಿಗೆ ಬೀಳಲು ತಡವಾಗಲಿಲ್ಲ. ಮಾವನವರು ಭೂಮಾಪನ ಇಲಾಖೆಯಲ್ಲಿ ಸರ್ವೇಯರಾಗಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿದ್ದರೂ ಅವರು ಅಳೆಯುವುದನ್ನು ಬಿಟ್ಟಿರಲಿಲ್ಲ. ಮಗಳ ಮನೆಗೆ ಬಂದರೆ ಬಾಗಿಲು ಗೋಡೆಗೆ ಎಷ್ಟು ಓರೆಯಾಗಿದೆ ಎಂದು ಹೇಳಿಯೇ ಒಳಗೆ ಬರುತ್ತಿದ್ದರು. ತಲೆಯ ಮೇಲೆ ಸದಾ ಒಂದು ಕಂದು ಟೋಪಿ. ಚೌಕಳಿ ಅವರನ್ನು ಟೋಪಿಯಿಲ್ಲದೆ ಕಂಡದ್ದು ತನ್ನ ಮದುವೆಯ ದಿನ ಮಾತ್ರ, ಆಗ ಅಲ್ಲಿ ದಟ್ಟವಾದ ಕೂದಲಿತ್ತು.

"ಈ ಸೀಮೇಲಿ ಪ್ರಕೃತಿ ಎಲ್ಲೆಲ್ಲಿದೆ ಅಂತ ನನಗೆ ಗೊತ್ತು, ನಾನೇ ಅಳೆದಿರೋದು," ಎಂದು ಅವರೂ ಹೊರಟರು.

ಕೆರೆಯ ಪ್ರಕೃತಿ ಚೌಕಳಿಗೆ ಸಹಕರಿಸಲಿಲ್ಲ. ಹೂವಿನ ಹತ್ತಿರ ಹೋದರೆ ಗಾಳಿ ಬೀಸುತ್ತಿತ್ತು. ಚಿಟ್ಟೆ ಇವನು ಉಸಿರು ಹಿಡಿದು ನಿಲ್ಲುವವರೆಗೆ ಕಾದು, ಒತ್ತುವ ಹೊತ್ತಿಗೆ ಸರಿಯಾಗಿ ಹಾರುತ್ತಿತ್ತು. ಸಂಜೆಯ ಹೊತ್ತಿಗೆ ಮಾವನವರು ಕಲ್ಲುಬೆಂಚಿನ ಮೇಲೆ ಕೂತು, "ನಿದ್ದೆ ಅಲ್ಲ, ಕಣ್ಣಿಗೆ ವಿಶ್ರಾಂತಿ," ಎಂದು ಹೇಳಿ ಗೊರಕೆ ಹೊಡೆಯತೊಡಗಿದರು. ಆಗಲೇ ಒಂದು ಬಿಳಿಯ ಹಕ್ಕಿ ನೀರಿನಿಂದೆದ್ದು ಬೆಂಚಿನ ಮೇಲೇ ಹಾರಿ ಬಂತು. ಬೆಂಚಿನ ಹಿಂದೆ ನಿಂತಿದ್ದ ಚೌಕಳಿ ಫೋನು ಎತ್ತಿ ಒತ್ತಿದ್ದೇ ಒತ್ತಿದ್ದು. ಅಷ್ಟರಲ್ಲಿ ಮಾವನವರ ಟೋಪಿ ಜಾರಿ ಅವರ ಮಡಿಲಿಗೆ ಬಿತ್ತು. ಟೋಪಿಯಿಲ್ಲದ ಮಾವನವರನ್ನು ನೋಡುವುದು ಅಳಿಯನಾದವನಿಗೆ ಸಲ್ಲದೆಂದು ಅವನು ತಟ್ಟನೆ ಮುಖ ತಿರುಗಿಸಿದ. ಫೋನನ್ನು ತಿರುಗಿಸಲು ಮರೆತ.

ಸೋಮವಾರ ಕಾರ್ಯದರ್ಶಿ ಆ ಫೋಟೋಗಳನ್ನು ಕಂಪ್ಯೂಟರಿನ ಪರದೆಗೆ ಏರಿಸಿ ನೇಕಾರರನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು. ಮೊದಲನೆಯದು ಕೆಂಪಗೆ ಮಸುಕಾಗಿತ್ತು.

"ಇದೇನು?"

"ಸೂರ್ಯಾಸ್ತ ಸಾರ್," ಎಂದ ಚೌಕಳಿ. ಅದು ಅವನ ಹೆಬ್ಬೆರಳು.

ಎರಡನೆಯದು ಕೂಡ ಸೂರ್ಯಾಸ್ತವೇ. ಮೂರನೆಯದರಲ್ಲಿ ಚಿಟ್ಟೆ ಹಾರಿಹೋದ ಜಾಗವಿತ್ತು. ಪಕ್ಕದ ಮಗ್ಗದವನು ಅಂಗಿಯ ತೋಳನ್ನು ಬಾಯಿಗೆ ಅಡ್ಡ ಹಿಡಿದುಕೊಂಡ. ಚೌಕಳಿಗೆ ಉಗ್ರಾಣದ ಕತ್ತಲೆ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಕಾರ್ಯದರ್ಶಿ, "ಆಹಾ!" ಎಂದು ಕುರ್ಚಿಯಿಂದ ಎದ್ದುಬಿಟ್ಟರು.

ಪರದೆಯ ತುಂಬ ಒಂದು ಭವ್ಯವಾದ ಬೋಳುಗುಡ್ಡ. ಸಂಜೆಯ ಬಿಸಿಲು ಅದರ ನುಣುಪಾದ ಇಳಿಜಾರಿನ ಮೇಲೆ ತಾಮ್ರದಂತೆ ಹೊಳೆಯುತ್ತಿತ್ತು. ನೆತ್ತಿಯಲ್ಲಿ ನಾಲ್ಕಾರು ಎಳೆ ಹುಲ್ಲು ಗಾಳಿಗೆ ಬಾಗಿ ನಿಂತಿತ್ತು. ಒಂದು ಮಗ್ಗುಲಲ್ಲಿ ಒಂಟಿ ಕರಿಬಂಡೆ. ಬುಡದಲ್ಲಿ ಅರ್ಧ ಸುತ್ತು ಹಬ್ಬಿದ ಬೂದು ಬಣ್ಣದ ಕುರುಚಲು ಕಾಡು.

"ಎಂಥಾ ಏಕಾಂತ! ಎಂಥಾ ವೈರಾಗ್ಯ!" ಎಂದರು ಕಾರ್ಯದರ್ಶಿ. "ಯಾವ ಬೆಟ್ಟವಯ್ಯ ಇದು?"

ಚೌಕಳಿ ಕಣ್ಣು ಕಿರಿದು ಮಾಡಿ ನೋಡಿದ. ಕೆರೆಯ ಹತ್ತಿರ ಬೆಟ್ಟವಿದ್ದದ್ದು ಅವನಿಗೆ ನೆನಪಿರಲಿಲ್ಲ. ಆದರೆ ಬೆಟ್ಟ ಕಣ್ಣೆದುರಿಗೇ ಇತ್ತು. ಹಕ್ಕಿಯ ಗಡಿಬಿಡಿಯಲ್ಲಿ ಬೆಟ್ಟವನ್ನು ತಾನೇ ಗಮನಿಸಿರಲಿಕ್ಕಿಲ್ಲ ಎಂದುಕೊಂಡ.

"ಆ ಕಡೇದು ಸಾರ್," ಎಂದು ಒಂದು ದಿಕ್ಕಿಗೆ ಕೈ ತೋರಿಸಿದ.

"ಅಯ್ಯೋ, ನನಗೆ ಗೊತ್ತಿಲ್ವಾ!" ಎಂದ ಪಕ್ಕದ ಮಗ್ಗದವನು. ತನಗೆ ಗೊತ್ತಿಲ್ಲದ್ದು ಚೌಕಳಿಗೆ ಗೊತ್ತಿರುವುದನ್ನು ಅವನು ಸಹಿಸುವವನಲ್ಲ. "ನಮ್ಮ ಸೋದರಮಾವನ ಊರಿನ ಬೆಟ್ಟ. ಚಿಕ್ಕವನಿದ್ದಾಗ ಈ ಬಂಡೆ ಮೇಲೆ ಎಷ್ಟು ಸಲ ಕುಣಿದಿಲ್ಲ!"

ಬೆಟ್ಟ ಹೀಗೆ ಸಾಕ್ಷಿ ಸಮೇತ ಸಾಬೀತಾಯಿತು.

ಮುಂದಿನದು ನೇಯ್ಗೆ. ಫೋಟೋವನ್ನು ಮಗ್ಗಕ್ಕೆ ಇಳಿಸುವುದೆಂದರೆ ಅದನ್ನು ಚೌಕದ ಕಾಗದದ ಮೇಲೆ ದೊಡ್ಡದಾಗಿ ಬರೆದು, ಒಂದೊಂದು ಚೌಕಕ್ಕೂ ಒಂದೊಂದು ಬಣ್ಣದ ಎಳೆ ಗೊತ್ತುಮಾಡಬೇಕು. ಚೌಕ ಎಂದ ಕೂಡಲೇ ಚೌಕಳಿಗೆ ಧೈರ್ಯ ಬಂತು. ಅವನು ಬೆಟ್ಟವನ್ನು ನೋಡಲೇ ಇಲ್ಲ, ಚೌಕಗಳನ್ನು ನೋಡಿದ. ಅದೂ ಅಲ್ಲದೆ ಮಗ್ಗದಲ್ಲಿ ನೇಯ್ದಷ್ಟೂ ಬಟ್ಟೆ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ, ನೇಕಾರನ ಕಣ್ಣಿಗೆ ಬೀಳುವುದು ಅಂಗೈಯಗಲ ಮಾತ್ರ. ಹೀಗಾಗಿ ಅವನು ಬುಡದ ಕಾಡಿನಿಂದ ಹಿಡಿದು ನೆತ್ತಿಯ ಕೊನೆಯ ಎಳೆಯವರೆಗೆ ಬಹಳ ಶ್ರದ್ಧೆಯಿಂದ, ಏನು ನೇಯುತ್ತಿದ್ದೇನೆಂಬ ಅರಿವೇ ಇಲ್ಲದೆ ನೇಯ್ದು ಮುಗಿಸಿದ. ಕರಿಬಂಡೆಗೆ ಮಾತ್ರ ಎರಡು ಎಳೆ ನೂಲು ಹೆಚ್ಚಿಗೆ ಕೊಟ್ಟ. ಅದು ಬಟ್ಟೆಯ ಮೇಲೆ ಉಬ್ಬಿ ನಿಂತಿತು.

ಹೊದಿಕೆಯ ಸುದ್ದಿ ಕೇಳಿ ನಗರದಿಂದ ಒಬ್ಬ ಅಂಗಡಿಯಮ್ಮ ಓಡಿ ಬಂದರು. ದೊಡ್ಡ ಅಂಗಡಿ, ದೊಡ್ಡ ಕನ್ನಡಕ. ಹೊದಿಕೆಯನ್ನು ಕೆನ್ನೆಗೆ ಒತ್ತಿಕೊಂಡು, "ಈ ಬೆಟ್ಟ ನನ್ನ ಜೊತೆ ಮಾತಾಡ್ತಿದೆ," ಎಂದರು. ವರ್ಷವಿಡೀ ಚೌಕಳಿಯ ಮಗ್ಗ ನಿಲ್ಲದಷ್ಟು ಹೊದಿಕೆ ಬೇಕೆಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಒಂದು ಷರತ್ತು ಹಾಕಿದರು.

"ಹೋದ ಸಲ ಒಬ್ಬರು ಕ್ಯಾಲೆಂಡರಿನ ಜಲಪಾತ ನೇಯ್ದು ನಮ್ಮೂರಿಂದು ಅಂತ ಮಾರಿಬಿಟ್ರು. ಹಾಗಾಗಿ ಇನ್ನೊಂದು ದಿನ ನಾನೇ ಬಂದು ಬೆಟ್ಟ ನೋಡ್ತೀನಿ. ಬೆಟ್ಟ ಇಲ್ಲಾಂದ್ರೆ ಹೊದಿಕೇನೂ ಬೇಡ."

"ಬೆಟ್ಟ ಎಲ್ಲಿಗೆ ಹೋಗುತ್ತೆ ಮೇಡಂ?" ಎಂದು ಕಾರ್ಯದರ್ಶಿ ಗಹಗಹಿಸಿದರು. ಅವರನ್ನು ಕಳಿಸಿ ಬಂದ ಮೇಲೆ ಚೌಕಳಿಯ ಹೆಗಲ ಮೇಲೆ ಕೈಯಿಟ್ಟು, "ಬೆಟ್ಟ ತೋರಿಸಿದ್ರೆ ಮಗ್ಗ ನಿನ್ನದು. ಇಲ್ದಿದ್ರೆ ಗೊತ್ತಲ್ಲ, ಉಗ್ರಾಣ," ಎಂದರು.

ಆ ದಿನ ಸಂಜೆ ಚೌಕಳಿ ಮಾದರಿಯ ಹೊದಿಕೆಯನ್ನು ಮನೆಗೆ ತಂದು ಹಗ್ಗಕ್ಕೆ ಹಾಕಿ ತೋರಿಸಿದ. ಹೆಂಡತಿ ಹಿಗ್ಗಿ ಹೀರೇಕಾಯಿಯಾದಳು. ಮಗಳನ್ನು ನೋಡಲು ಬಂದಿದ್ದ ಅತ್ತೆ ಮಾತ್ರ ಹೊದಿಕೆಯ ಮುಂದೆ ನಿಂತವರು ನಿಂತೇ ಇದ್ದರು. ಬಲಕ್ಕೆ ಹೋಗಿ ನೋಡಿದರು, ಎಡಕ್ಕೆ ಹೋಗಿ ನೋಡಿದರು. ಉಬ್ಬಿದ ಬಂಡೆಯ ಮೇಲೆ ಬೆರಳಾಡಿಸಿದರು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದರು.

"ಏನಾಯ್ತಮ್ಮ? ತಲೆ ಸುತ್ತು ಬಂತಾ?" ಎಂದಳು ಮಗಳು.

"ತಲೇನೇ ಕಣೇ," ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ನಿಮ್ಮಪ್ಪಂದು."

ಹೆಂಡತಿ ಹೊದಿಕೆಯತ್ತ ನೋಡಿದಳು. ಕುರುಚಲು ಕಾಡು ನೋಡಿದಳು, ಬಂಡೆ ನೋಡಿದಳು. ನೋಡಿ ನೆಲದ ಮೇಲೆ ಕುಕ್ಕರಿಸಿದಳು. ಚೌಕಳಿಗೆ ಕೆರೆ, ಬೆಂಚು, ಹಕ್ಕಿ, ಮಡಿಲಿನ ಟೋಪಿ ಒಂದೊಂದಾಗಿ ನೆನಪಾಗಿ, ಬೆಟ್ಟ ಅವನ ಮೇಲೇ ಕುಸಿದಂತಾಯಿತು.

"ಅತ್ತೆ, ಸರಿಯಾಗಿ ನೋಡಿ. ಬೆಟ್ಟಾನೂ ಇರಬಹುದು."

"ಮದುವೆ ಆದಾಗಿಂದ ನೋಡ್ತಿರೋ ತಲೆ ನನಗೆ ಗೊತ್ತಾಗಲ್ವೇನಪ್ಪ? ಈ ಮಚ್ಚೆಗೆ ಬಾಚಣಿಗೆ ತಾಗಿದ್ರೆ ಈಗ್ಲೂ ಕಿರಿಚ್ತಾರೆ. ಬಾಚೋಕೆ ಏನೂ ಇಲ್ಲ, ಆದ್ರೂ ಬಾಚ್ತಾರೆ."

"ಹೋಗಿ ಅಪ್ಪನಿಗೆ ಹೇಳಿಬಿಡಿ," ಎಂದಳು ಹೆಂಡತಿ.

"ಹೇಳಿದ್ರೆ ನಿನ್ನ ಗಂಡನ ಮಗ್ಗ ಉಳಿಯುತ್ತೋ ಇಲ್ವೋ, ನಿನ್ನ ಗಂಡ ಉಳಿಯಲ್ಲ," ಎಂದರು ಅತ್ತೆ. "ಕೂದಲು ಹೋದ ಮೇಲೆ ಕ್ಷೌರದಂಗಡಿಗೂ ಹೋಗೋದು ಬಿಟ್ಟ ಮನುಷ್ಯ. ಅವರ ತಲೆ ಊರೋರ ಮಂಚದ ಮೇಲೆ ಹಾಸ್ತಾರೆ ಅಂತ ಗೊತ್ತಾದ್ರೆ!"

ಆ ಕ್ಷಣಕ್ಕೆ ಸರಿಯಾಗಿ ಮಾವನವರು, "ಬಾಗಿಲು ಇನ್ನೂ ಓರೆಯಾಗಿದೆ," ಎನ್ನುತ್ತ ಒಳಗೆ ಬಂದರು. ಬಂದವರು ಹೊದಿಕೆ ಕಂಡು ನಿಂತರು. ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡು, ಕೈ ಹಿಂದೆ ಕಟ್ಟಿ, ಹುಬ್ಬು ಗಂಟಿಕ್ಕಿ ನೋಡಿದರು.

"ಇದು ಯಾವ ಬೆಟ್ಟ?" ಎಂದರು ಮಾವನವರು.

ಅತ್ತೆ ಸೆರಗನ್ನು ಮತ್ತೆ ಬಾಯಿಗೆ ತುರುಕಿಕೊಂಡರು.

"ಎಲ್ಲೋ ನೋಡಿದ ಹಾಗಿದೆ. ಆದ್ರೆ ಅಳೆದ ನೆನಪಿಲ್ಲ."

ಇಲ್ಲಿಂದ ಮಾವನವರ ನೆಮ್ಮದಿ ಹಾರಿಹೋಯಿತು. ಆ ಸೀಮೆಯಲ್ಲಿ ತಮ್ಮ ಅಳತೆಯ ಸರಪಳಿಗೆ ಸಿಗದ ಬೆಟ್ಟವೊಂದು ಇದೆಯೆಂದರೆ ಅವರ ಇಡೀ ಸೇವೆಗೇ ಕಳಂಕ. ಟ್ರಂಕಿನಿಂದ ಹಳೆಯ ನಕ್ಷೆಗಳು ಹೊರಬಂದವು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಗಿ ಅತ್ತೆ ಅಡುಗೆಮನೆಗೆ ಹೋಗಬೇಕಾದರೆ ಎರಡು ನದಿ ದಾಟಬೇಕಾಯಿತು. ಹಳೆಯ ಸಹೋದ್ಯೋಗಿಗಳಿಗೆ ಫೋನು ಹೋಯಿತು. ಒಬ್ಬರು ಕಲ್ಲುಗಣಿಯವರು ಅದನ್ನು ತಿಂದಿರಬೇಕೆಂದರು. ಇನ್ನೊಬ್ಬರು ಗಡಿಯಾಚೆಗಿನದು ಇರಬೇಕೆಂದರು. ಸುದ್ದಿ ಅರಣ್ಯ ಇಲಾಖೆಗೂ ಮುಟ್ಟಿ, ಅಲ್ಲಿನ ಅಧಿಕಾರಿ ಸಂಘಕ್ಕೇ ಬಂದು ಹೊದಿಕೆ ನೋಡಿ ಕೆಂಡವಾದರು.

"ಬುಡದಲ್ಲಿ ಕಾಡು ಇದೆ, ಮೇಲೆಲ್ಲ ನುಣ್ಣಗಿದೆ. ಯಾರೋ ಕಡಿದಿದ್ದಾರೆ! ನನ್ನ ವ್ಯಾಪ್ತೀಲಿ ಇಂಥ ಅನ್ಯಾಯ? ಬೆಟ್ಟ ತೋರಿಸಿ, ಈ ಸಲ ಪೂರ್ತಿ ಸಸಿ ನೆಡಿಸ್ತೀನಿ."

ಭಾನುವಾರ ಮಾವನವರು ಚೌಕಳಿಯನ್ನೂ ಹೊದಿಕೆಯನ್ನೂ ಬಸ್ಸು ಹತ್ತಿಸಿ ಬೆಟ್ಟದ ಬೇಟೆಗೆ ಹೊರಟರು. ಬೆಟ್ಟ ಕಂಡಲ್ಲೆಲ್ಲ ಇಳಿಯುವುದು, ಹೊದಿಕೆ ಬಿಚ್ಚಿ ಎತ್ತಿ ಹಿಡಿಯುವಂತೆ ಚೌಕಳಿಗೆ ಹೇಳುವುದು, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ತಾಳೆ ನೋಡುವುದು.

"ಇದು ತುಂಬಾ ಚೂಪು. ನಮ್ಮದು ಗುಂಡಗಿದೆ."

"ಹೌದು ಮಾವ."

"ಇದಕ್ಕೆ ಮರ ಜಾಸ್ತಿ. ನಮ್ಮದು ಪೂರಾ ಬೋಳು."

ಚೌಕಳಿ ಹೊದಿಕೆಯ ಅಂಚಿನಿಂದ ಇಣುಕಿ ಕಂದು ಟೋಪಿಯನ್ನೇ ನೋಡಿದ. "ಹೌದು ಮಾವ."

"ನೀನು ಫೋಟೋ ತೆಗೆದಾಗ ನಾನೆಲ್ಲಿದ್ದೆ?"

"ಹತ್ತಿರದಲ್ಲೇ ಇದ್ರಿ."

"ನನಗೆ ಹೇಗೆ ಕಾಣಲಿಲ್ಲ?"

"ನೀವಿದ್ದ ಜಾಗದಿಂದ ಕಾಣಲ್ಲ ಮಾವ."

ಮಾವನವರು ನಿಟ್ಟುಸಿರು ಬಿಟ್ಟು ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದರು. ಸಂಜೆ ಮರಳುವಾಗ ಅವರ ಮುಖ ಬಾಡಿಹೋಗಿತ್ತು. "ಇಷ್ಟು ವರ್ಷ ಬಿಸಿಲಲ್ಲಿ ಅಲೆದು ಅಳೆದೆ. ಒಂದು ಇಡೀ ಬೆಟ್ಟ ತಪ್ಪಿಸಿಕೊಳ್ತಲ್ಲಪ್ಪ," ಎಂದರು. ಚೌಕಳಿ ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದ. ಆದರೆ ಆ ಬಾಯಿಯ ಮೇಲೆ ಅವನಿಗೆ ನಂಬಿಕೆ ಉಳಿದಿರಲಿಲ್ಲ, ಆದ್ದರಿಂದ ಆಕಳಿಸಿ ಮುಚ್ಚಿಕೊಂಡ.

ಅಂಗಡಿಯಮ್ಮ ಬರುವ ದಿನ ಬಂದೇ ಬಂತು. ಅವರು ಬೆಟ್ಟ ಹತ್ತಲೆಂದೇ ಹೊಸ ಬೂಟು ಹಾಕಿಕೊಂಡು ಬಂದಿದ್ದರು. ಕಾರ್ಯದರ್ಶಿ ನೀರಿನ ಬಾಟಲಿ ಹಿಡಿದಿದ್ದರು. ಅರಣ್ಯಾಧಿಕಾರಿ ಜೀಪಿನ ತುಂಬ ಸಸಿ ತಂದಿದ್ದರು. ಸೋದರಮಾವನ ಊರಿನ ಬೆಟ್ಟವೆಂದಿದ್ದ ಪಕ್ಕದ ಮಗ್ಗದವನಿಗೆ ಮಾತ್ರ ಬೆಳಿಗ್ಗೆಯಿಂದ ಹೊಟ್ಟೆನೋವು. ಕೊನೆಯ ಪ್ರಯತ್ನವೆಂದು ಮಾವನವರೂ ನಕ್ಷೆಯ ಸುರುಳಿ ಹಿಡಿದು ಬಂದರು. ಚೌಕಳಿ ತನ್ನ ಮಗ್ಗದ ಮೇಲೆ ಕೂತು ಲಾಳಿಯನ್ನು ಎದೆಗೆ ಒತ್ತಿಕೊಂಡಿದ್ದ. ಬಿಟ್ಟುಹೋಗಬೇಕಾದ ಮನೆಯ ಕಂಬ ತಬ್ಬಿದವನಂತೆ ಕಾಣುತ್ತಿದ್ದ.

"ಹೊರಡೋಣವಾ? ದಾರಿ ಯಾವುದು?" ಎಂದರು ಅಂಗಡಿಯಮ್ಮ.

ಕಾರ್ಯದರ್ಶಿ ಚೌಕಳಿಯನ್ನು ನೋಡಿದರು. ಚೌಕಳಿ ಕಿಟಕಿಯನ್ನು ನೋಡಿದ.

"ಒಂದು ನಿಮಿಷ," ಎಂದರು ಮಾವನವರು. "ನಾನು ಸರ್ವೇಯರು. ದೂರದಿಂದ ನೋಡಿ ನೋಡಿ ತಪ್ಪು ಮಾಡಿದೆ. ಗುರುತಿನ ಕಲ್ಲಿನಿಂದ ಶುರು ಮಾಡ್ಬೇಕು."

ಅವರು ಗೋಡೆಗೆ ತೂಗುಹಾಕಿದ್ದ ಹೊದಿಕೆಯ ಹತ್ತಿರ ಹೋಗಿ ಕರಿಬಂಡೆಯ ಮೇಲೆ ಬೆರಳಿಟ್ಟರು. ಅಲ್ಲಿಂದ ನೆತ್ತಿಗೆ ಗೇಣು ಹಾಕಿದರು. ನೆತ್ತಿಯಿಂದ ಕಾಡಿನ ಅಂಚಿಗೆ ಗೇಣು ಹಾಕಿದರು. ಮತ್ತೆ ಬಂಡೆಗೆ ಬಂದು, ಅದರ ಉಬ್ಬನ್ನು ಬೆರಳಿನಿಂದ ಮೆಲ್ಲಗೆ ತಿರುವಿದರು. ಆ ಬೆರಳು ಹಾಗೇ ನಿಂತಿತು. ಆಮೇಲೆ ಅವರ ಎಡಗೈ, ಯಾರೂ ಹೇಳದೆ, ತಾನಾಗಿ ಮೇಲಕ್ಕೆದ್ದು ಟೋಪಿಯ ಅಡಿಗೆ ನುಸುಳಿತು.

ಚೌಕಳಿ ಕಣ್ಣು ಮುಚ್ಚಿಕೊಂಡ.

ಬಲಗೈ ಹೊದಿಕೆಯ ಮೇಲೆ, ಎಡಗೈ ಟೋಪಿಯೊಳಗೆ ಹುಡುಕುತ್ತ, ಮಾವನವರು ಬಹಳ ಹೊತ್ತು ಗೋಡೆಗೆ ಮುಖ ಮಾಡಿ ನಿಂತಿದ್ದರು. ತಿರುಗಿದಾಗ ಮುಖ ಕೆಂಪಗಾಗಿತ್ತು. ಅವರು ಅಳಿಯನನ್ನು ನೋಡಿದರು, ಅವನು ಅಪ್ಪಿಕೊಂಡಿದ್ದ ಲಾಳಿಯನ್ನು ನೋಡಿದರು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಬೆಟ್ಟ ಸಿಕ್ತು," ಎಂದರು.

"ಎಲ್ಲಿದೆ?" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ಇದೆ. ನಾನು ಚೆನ್ನಾಗಿ ಬಲ್ಲೆ. ಆದ್ರೆ ಅದು ಸರ್ಕಾರಿ ಜಾಗ ಅಲ್ಲ. ಒಬ್ಬರ ಸ್ವಂತದ್ದು. ಆ ಮನುಷ್ಯ ಯಾರಿಗೂ ಅದನ್ನ ನೋಡೋಕೆ ಬಿಡಲ್ಲ. ಹತ್ತೋ ಮಾತಂತೂ ದೂರ ಉಳೀತು."

"ಸರ್ವೇಯರೇ ಹೇಳಿದ ಮೇಲೆ ಬೆಟ್ಟ ಇದೆ ಅಂತಾಯ್ತು," ಎಂದು ಕಾರ್ಯದರ್ಶಿ ಬಾಟಲಿಯ ನೀರನ್ನು ತಾವೇ ಕುಡಿದರು.

"ಸಸಿನಾದ್ರೂ ನೆಡೋಣ," ಎಂದರು ಅರಣ್ಯಾಧಿಕಾರಿ. "ಇಷ್ಟೊಂದು ತಂದಿದ್ದೀನಿ."

"ಉಪಯೋಗ ಇಲ್ಲ ಸ್ವಾಮಿ. ಅಲ್ಲಿ ಏನು ಮಾಡಿದ್ರೂ ಹುಟ್ಟಲ್ಲ. ಮಾಲೀಕ ಎಲ್ಲಾ ಮಾಡಿ ನೋಡಿದ್ದಾನೆ."

"ಮೊದಲಿಂದಲೂ ಹೀಗೇನಾ?"

"ಮೊದಲು ಒಳ್ಳೇ ಕಾಡಿತ್ತು," ಎಂದರು ಮಾವನವರು, ಚೌಕಳಿಯ ಮೇಲೆ ನೆಟ್ಟ ದೃಷ್ಟಿ ಕೀಳದೆ. "ಮಗಳ ಮದುವೆ ಆದ ಮೇಲೆ ಒಂದೊಂದಾಗಿ ಹೋಯ್ತು."

ಅಂಗಡಿಯಮ್ಮ ಕನ್ನಡಕ ತೆಗೆದು ಒರೆಸಿದರು. "ಅಯ್ಯೋ ಪಾಪ. ಆದ್ರೆ ಒಂದು ಮಾತು. ಮಾಲೀಕರು ಅಷ್ಟು ಸಂಕೋಚದವರು ಅಂದ್ಮೇಲೆ ಅವರ ಒಪ್ಪಿಗೆ ಇಲ್ದೆ ಇದನ್ನ ನಾನು ಮಾರೋದು ತಪ್ಪಾಗಲ್ವಾ?"

ಮಗ್ಗದ ಮನೆಯಲ್ಲಿ ಎಲ್ಲ ಲಾಳಿಗಳೂ ನಿಂತುಬಿಟ್ಟವು.

"ಒಪ್ಪಿಗೆ ಇದೆ," ಎಂದರು ಮಾವನವರು.

"ಯಾವಾಗ ಕೊಟ್ರು?"

"ಈಗ ತಾನೇ."

ಅಂಗಡಿಯಮ್ಮನಿಗೆ ಅದು ಅರ್ಥವಾಗಲಿಲ್ಲ, ಆದರೆ ಅವರಿಗೆ ಬೇಕಾದ್ದು ಸಿಕ್ಕಿತ್ತು. ಕಾರ್ಯದರ್ಶಿ ಅವರನ್ನು ಕಚೇರಿಗೆ ಕರೆದೊಯ್ದರು. ಅರಣ್ಯಾಧಿಕಾರಿ ಸಸಿಗಳನ್ನು ಸಂಘದ ಅಂಗಳದಲ್ಲೇ ನೆಡಿಸತೊಡಗಿದರು. ಪಕ್ಕದ ಮಗ್ಗದವನ ಹೊಟ್ಟೆನೋವು ವಾಸಿಯಾಗಿ, ಆ ಮಾಲೀಕನನ್ನು ತಾನು ಚಿಕ್ಕಂದಿನಿಂದ ಬಲ್ಲೆನೆಂದು ಅವನು ಹೇಳತೊಡಗಿದ.

ಚೌಕಳಿ ಮಗ್ಗದಿಂದಿಳಿದು ಮಾವನವರ ಎದುರು ನಿಂತ. ಕಣ್ಣು ತುಂಬಿ ಬಂದಿತ್ತು.

ಮಾವನವರು ಟೋಪಿ ಸರಿಮಾಡಿಕೊಂಡು, ಆಚೀಚೆ ನೋಡಿ, ಹೊದಿಕೆಯ ನೆತ್ತಿಯ ಕಡೆ ಬೆರಳು ತೋರಿಸಿ ಅವನ ಕಿವಿಯಲ್ಲಿ ಪಿಸುಗುಟ್ಟಿದರು.

"ಮುಂದಿನ ಹೊದಿಕೇಲಿ ಹುಲ್ಲು ಸ್ವಲ್ಪ ಜಾಸ್ತಿ ಹಾಕು."